ರಾರಾವಿಯ ಹೆಂಗಸರು ಹಗಲಲ್ಲಿ ಮಲಗಿದ್ದು

ಗ್ರಾಫಿನ ಪ್ರಕಾರ ರಾರಾವಿಯ ಹೆಂಗಸರು ಬೆಳಿಗ್ಗೆ ಎಂಟು ಗಂಟೆಗೆ ಮಲಗುತ್ತಿದ್ದರು. ಹತ್ತೂವರೆಗೆ ಎದ್ದು ಕಾಲು ಗಂಟೆ ಕೂತು ಮತ್ತೆ ಮಲಗುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಎದ್ದವರು, ಉಂಡು ಸಂಜೆ ಐದರವರೆಗೆ ಇನ್ನೊಮ್ಮೆ ಮಲಗುತ್ತಿದ್ದರು. ಭತ್ತದ ನಾಟಿಯ ಕಾಲದಲ್ಲಿ, ಕೆಸರುಗದ್ದೆಯಲ್ಲಿ ದಿನವಿಡೀ ದುಡಿಯುವ ಹತ್ತು ಹೆಂಗಸರ ಒಂದು ವಾರದ ದಾಖಲೆ ಇದು. ಕಂಪ್ಯೂಟರಿನ ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಉದ್ದನೆಯ ಪಟ್ಟಿ. ಹಸಿರು ಎಂದರೆ ನಿಂತಿದ್ದು ಅಥವಾ ನಡೆದಿದ್ದು, ಹಳದಿ ಎಂದರೆ ಕೂತಿದ್ದು, ನೀಲಿ ಎಂದರೆ ಮಲಗಿದ್ದು. ಪಟ್ಟಿಗಳ ತುಂಬ ನೀಲಿಯೇ ಇತ್ತು.

"ಇಷ್ಟು ಸುಖದ ಕೆಲಸ ಆಗಿದ್ರ ನಾಳಿಂದ ನಾನೂ ನಾಟಿಗೆ ಹೋಗ್ತೀನಿ ನೋಡು" ಎಂದು ನಾನು ನಕ್ಕೆ. ಪಕ್ಕದಲ್ಲಿ ಕೂತಿದ್ದ ಸಂಶೋಧನಾ ವಿದ್ಯಾರ್ಥಿನಿ ನಗಲಿಲ್ಲ.

ನಮ್ಮದು ಬಳ್ಳಾರಿಯ ವಿಶ್ವವಿದ್ಯಾಲಯವೊಂದರ ಆರೋಗ್ಯ ವಿಜ್ಞಾನಗಳ ಅಂತರಶಿಸ್ತೀಯ ಪಿಎಚ್.ಡಿ. ವಿಭಾಗ. ಹೆಸರು ಬೋರ್ಡಿನಲ್ಲಿ ಎರಡು ಸಾಲು ಹಿಡಿಯುತ್ತದೆ, ಜಾಗ ಮಾತ್ರ ಮೂರೇ ಕೋಣೆ. ಇಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದೇ ಶಾಸ್ತ್ರದ ಗುರು ಸಾಲುವುದಿಲ್ಲ. ಈ ಹುಡುಗಿಗೆ ಸಮುದಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕಿ ಮಾರ್ಗದರ್ಶಕಿ, ಸಂಖ್ಯಾಶಾಸ್ತ್ರದ ಮೇಷ್ಟ್ರು ಸಹಮಾರ್ಗದರ್ಶಕರು. ಮೇಡಂ ಮನುಷ್ಯರಿಂದ ಶುರುಮಾಡಿ ಅಂಕಿಗೆ ಬರುತ್ತಾರೆ. ಮೇಷ್ಟ್ರು ಅಂಕಿಯಿಂದ ಶುರುಮಾಡಿ ಕೆಲವೊಮ್ಮೆ ಮನುಷ್ಯರವರೆಗೂ ಬರುತ್ತಾರೆ. ನಾನು ತಾಂತ್ರಿಕ ಸಹಾಯಕಿ. ಉಪಕರಣಗಳ ಕಪಾಟಿನ ಕೀಲಿ ನನ್ನ ಬಳಿ ಇರುತ್ತದೆ, ಅವುಗಳನ್ನು ಕೊಟ್ಟು ಪಡೆಯುವ ರಿಜಿಸ್ಟರು ಬರೆಯುವವಳೂ ನಾನೇ. ಯಾವ ಯಂತ್ರ, ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ, ಮೈಮೇಲೆ ಯಾವ ಜಾಗದಲ್ಲಿ, ವಾಪಸು ಬಂದಾಗ ಬ್ಯಾಟರಿ ಎಷ್ಟು ಎಂದು ಎಲ್ಲವೂ ಅದರಲ್ಲಿರುತ್ತದೆ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು. ಯಾರಾದರೂ ಪೆನ್ಸಿಲಿನಲ್ಲಿ ಬರೆದರೆ ಬೈಯುತ್ತಿದ್ದೆ.

ವಿದ್ಯಾರ್ಥಿನಿ ಕುರುಗೋಡಿನವಳು, ಫಿಸಿಯೋಥೆರಪಿ ಓದಿದವಳು. ಬೆನ್ನುನೋವೆಂದು ಅವಳ ಹತ್ತಿರ ಬರುತ್ತಿದ್ದ ಹೆಂಗಸರಲ್ಲಿ ಎರಡು ಥರದವರು ಹೆಚ್ಚಂತೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಒಂದು ಕಡೆ, ಸಿರುಗುಪ್ಪದ ಕಡೆ ಭತ್ತ ನಾಟಿ ಮಾಡುವವರು ಇನ್ನೊಂದು ಕಡೆ. ಹೊಲಿಯುವವರು ದಿನವಿಡೀ ಕೂತೇ ಇರುತ್ತಾರೆ, ನಾಟಿಯವರು ಕೂರುವುದೇ ಇಲ್ಲ, ಆದರೂ ನೋವು ಒಂದೇ. ಹಾಗಾದರೆ ಯಾರ ದೇಹ ದಿನದಲ್ಲಿ ಎಷ್ಟು ಹೊತ್ತು ಯಾವ ಭಂಗಿಯಲ್ಲಿರುತ್ತದೆ ಎಂದು ಅಳೆದು ಹೋಲಿಸಬೇಕು ಎಂಬುದೇ ಅವಳ ಸಂಶೋಧನೆ. ಅದಕ್ಕಾಗಿ ಬೆಂಕಿಪೊಟ್ಟಣದಷ್ಟಿನ ಯಂತ್ರಗಳನ್ನು ತರಿಸಿದ್ದೆವು. ತಾನು ಎಷ್ಟು ವಾಲಿದ್ದೇನೆ, ಎಷ್ಟು ಅಲ್ಲಾಡಿದೆ ಎಂಬುದನ್ನು ಅದು ಕ್ಷಣಕ್ಷಣಕ್ಕೂ ಬರೆದುಕೊಳ್ಳುತ್ತದೆ. ಆ ಬರಹವನ್ನು ಒಂದು ಸಾಫ್ಟ್‌ವೇರು ಮೂರು ಬಣ್ಣಗಳಾಗಿ ಬದಲಿಸಿ ತೋರಿಸುತ್ತದೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಹಾಸಿಗೆಗೆ ಹೋಗುವವರೆಗೆ ಅದು ಮೈಮೇಲೆ ಇರಬೇಕು.

ಜೀನ್ಸ್ ಹೊಲಿಯುವವರ ಅಳತೆ ಆಗಲೇ ಮುಗಿದಿತ್ತು. ಸಿರುಗುಪ್ಪದ ಕಡೆಯ ಹಳ್ಳಿ ರಾರಾವಿಯದೂ ಮುಗಿಯಿತು ಎಂದುಕೊಂಡ ದಿನವೇ ಈ ನೀಲಿ ಕಂಡದ್ದು. ಪ್ರಗತಿ ಪರಿಶೀಲನೆಯ ಸಮಿತಿ ಸೇರುವುದಕ್ಕೆ ಇನ್ನು ಹನ್ನೆರಡು ದಿನವಿತ್ತು. ಮಗು ಹುಟ್ಟಿದಾಗ ಈ ಹುಡುಗಿ ಒಂದು ಸಲ ಅವಧಿ ವಿಸ್ತರಣೆ ಪಡೆದಾಗಿತ್ತು, ಎರಡನೆಯದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಅತ್ತ ಸಿರುಗುಪ್ಪದ ಕಡೆ ನಾಟಿಯೂ ಮುಗಿಯುತ್ತ ಬಂದಿತ್ತು. ರಾರಾವಿಯ ಅಳತೆ ಬಿದ್ದುಹೋದರೆ ಮುಂದಿನ ನಾಟಿಗೆ ಕಾಯಬೇಕು. ಅಷ್ಟರಲ್ಲಿ ಅವಳ ನೋಂದಣಿಯೇ ಮುಗಿದು, ನಾಲ್ಕು ವರ್ಷದ ಕೆಲಸ ಮಣ್ಣುಪಾಲಾಗುತ್ತಿತ್ತು.

ಮರುದಿನ ಮೇಡಂ ಕೋಣೆಯಲ್ಲಿ ನಾಲ್ವರೂ ಕೂತೆವು. ಮೇಡಂ ಪಟ್ಟಿಗಳನ್ನು ನೋಡಿದ ಕೂಡಲೇ ಹೇಳಿದರು: "ಯಂತ್ರ ತೆಗೆದು ಬದುವಿನ ಮ್ಯಾಲೆ ಇಟ್ಟು ಕೆಲಸ ಮಾಡ್ಯಾರ. ನೆಲದ ಮ್ಯಾಲೆ ಅಡ್ಡ ಬಿದ್ದದ್ದನ್ನ ಇದು ಮಲಗ್ಯಾರ ಅಂತ ತಿಳ್ಕೊಂಡೈತಿ. ಅಷ್ಟೇ."

"ದಿನಾ ಸಂಜಿ ಹೋಗಿ ಕೇಳೀನಿ ಮೇಡಂ. ಒಬ್ಬರೂ ತೆಗೆದಿಲ್ಲ ಅಂದಾರ" ಎಂದಳು ಹುಡುಗಿ.

"ಬ್ಯಾಸರ ಆಗಬಾರದು ನಿನಗ ಅಂತ ಹಂಗ ಹೇಳಿರ್ತಾರ. ನಮ್ಮ ಜನಾ ಅಂದ್ರ ಹಂಗ. ಡಾಕ್ಟರ್ ಮುಂದ ಯಾರಾರ ಗುಳಿಗಿ ತಗೊಂಡಿಲ್ಲ ಅಂತಾರೇನು?"

ಮೇಷ್ಟ್ರು ಒಂದು ನೀಲಿ ತುಂಡನ್ನು ಹಿಗ್ಗಿಸಿ, ಇನ್ನೂ ಹಿಗ್ಗಿಸಿ, ಕೊನೆಗೆ ಒಂದೇ ನಿಮಿಷದ ಬರಹವನ್ನು ಪರದೆಯ ತುಂಬ ಹರಡಿದರು. ಅದರಲ್ಲಿ ಸಣ್ಣ ಸಣ್ಣ ಅಲೆಗಳಿದ್ದವು, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯವು.

"ಬದುವಿನ ಮ್ಯಾಲೆ ಇಟ್ಟ ಯಂತ್ರ ಅಲ್ಲಾಡಂಗಿಲ್ಲ ಮೇಡಂ. ಇದು ಒಂದೇ ಸಮನ ಅಲ್ಲಾಡಾಕತ್ತೈತಿ. ಅಂದ್ರ ಮೈಮ್ಯಾಲೇ ಐತಿ."

"ಹಂಗಾದ್ರ ಏನಂತೀರಿ?"

"ಮಲಗ್ಯಾರ. ಆದ್ರ ಸುಮ್ಮನ ಮಲಗಿಲ್ಲ."

"ಸರ್, ಮಲಗಿ ನಾಟಿ ಹಚ್ಚೋರು ಎಲ್ಯರ ಇದ್ರ ನನಗೂ ತೋರಸ್ರಿ" ಎಂದರು ಮೇಡಂ. ಮೇಷ್ಟ್ರು ನಗದೆ ನನ್ನ ಕಡೆ ತಿರುಗಿ, ಯಂತ್ರ ಕಟ್ಟಿದ ಜಾಗ ಎಲ್ಲಾದರೂ ಬದಲಾಗಿತ್ತೇ ಎಂದು ಕೇಳಿದರು. ನಾನು ರಿಜಿಸ್ಟರು ಅವರ ಮುಂದಿಟ್ಟೆ. 'ಜಾಗ' ಎಂಬ ಕಾಲಮ್ಮಿನ ಮೇಲ್ತುದಿಯಲ್ಲಿ 'ಸೊಂಟ' ಎಂದು ಬರೆದಿತ್ತು. ಅದರ ಕೆಳಗೆ ಸಾಲಿಗೊಂದರಂತೆ ಎರಡೆರಡು ಸಣ್ಣ ಗೀಟುಗಳು, ಮೇಲಿನಂತೆಯೇ ಎಂಬ ಅರ್ಥದವು. ಪುಟ ತಿರುಗಿಸಿದರು. ಅಲ್ಲೂ ಅವೇ ಗೀಟುಗಳು.

"ಇವರ ರಿಜಿಸ್ಟರ್ ಅಂದ್ರ ರಿಜಿಸ್ಟರ್. ಅದರಾಗ ಅನುಮಾನ ಇಲ್ಲ ಬಿಡ್ರಿ" ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು.

ಆದರೆ ಆ ಗೀಟುಗಳು ಸುಳ್ಳು. ರಾರಾವಿಯಲ್ಲಿ ಯಂತ್ರಗಳು ಸೊಂಟದಲ್ಲಿ ಇರಲಿಲ್ಲ.

ಯಂತ್ರಗಳನ್ನು ಹಂಚುವ ದಿನ ಹುಡುಗಿಯ ಮಗುವಿಗೆ ಜ್ವರ ಬಂದು ಅವಳು ಕುರುಗೋಡಿನಲ್ಲೇ ಉಳಿದಿದ್ದಳು. ನಾನೊಬ್ಬಳೇ ಹೋಗಿ ಹತ್ತು ಹೆಂಗಸರ ಸೊಂಟಕ್ಕೆ ಎಲಾಸ್ಟಿಕ್ ಪಟ್ಟಿ ಕಟ್ಟಿದೆ. ಅವರೆಲ್ಲ ಸೀರೆಯನ್ನು ಎತ್ತಿ ಕಚ್ಚೆ ಹಾಕಿ, ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಗದ್ದೆಗೆ ಇಳಿಯುವವರು. ಬಾಗಿದ ಕೂಡಲೇ ಯಂತ್ರ ಹೊಟ್ಟೆಗೆ ಒತ್ತುತ್ತಿತ್ತು, ಪಟ್ಟಿ ಸೀರೆಯ ಗಂಟಿನ ಮೇಲೆ ಜಾರುತ್ತಿತ್ತು. ಅಳತೆ ಶುರುವಾಗುವುದು ಮರುದಿನ, ಅಂದು ಕಟ್ಟಿದ್ದು ಬರೀ ರೂಢಿಗೆಂದು. ಮಧ್ಯಾಹ್ನಕ್ಕೇ ಇಬ್ಬರು ಬಿಚ್ಚಿ ಜಾಲಿಗಿಡಕ್ಕೆ ನೇತುಹಾಕಿದರು. ಗುಂಪಿನ ಮೇಸ್ತ್ರಿ ಐವತ್ತು ದಾಟಿದ ಹೆಂಗಸು. ಯಾರ ಗದ್ದೆಗೆ ಯಾವ ದಿನ ಹೋಗಬೇಕು, ಯಾರು ಯಾವ ಸಾಲು ಹಿಡಿಯಬೇಕು ಎಂದು ಗೊತ್ತುಮಾಡುವವಳು ಆಕೆ. ಆಕೆಯೇ ಹೇಳಿದಳು, "ಬೆನ್ನಿಗೆ ಕಟ್ರಿ ಮೇಡಮ್ಮೋರೆ, ಅಲ್ಲಿ ಯಾವುದೂ ಅಡ್ಡ ಬರಂಗಿಲ್ಲ."

ನನಗೆ ಅದು ಬಹಳ ಹಿಡಿಸಿತು. ಅವರ ಅಂಗಿಗಳನ್ನು ಇಸಿದುಕೊಂಡು, ಕಾಲರಿನ ಕೆಳಗೆ ಬೆನ್ನಿನ ಒಳಭಾಗಕ್ಕೆ ಒಂದೊಂದು ಸಣ್ಣ ಜೇಬು ಹೊಲಿದೆ. ಸೂಜಿದಾರ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಮನೆಯಲ್ಲೂ ಎದ್ದಾಗಿನಿಂದ ಮಲಗುವವರೆಗೆ ಅದೇ ಅಂಗಿ ತೊಟ್ಟಿರಬೇಕೆಂದು ಹೇಳಿದೆ. ಅಳತೆ ಎಲ್ಲಾದರೇನು, ಮೈಮೇಲೆ ಇದ್ದರಾಯಿತು ಎಂದುಕೊಂಡೆ. ಜೇಬಿನ ಹೊಲಿಗೆಯ ಬಗ್ಗೆ ಎಷ್ಟು ಖುಷಿಯಿತ್ತೆಂದರೆ, ಸಂಜೆ ಬಸ್ಸಿನಲ್ಲಿ ಕೂತು ರಿಜಿಸ್ಟರಿನಲ್ಲಿ ಇಡೀ ವಾರದ ಜಾಗದ ಕಾಲಮ್ಮು ತುಂಬಿದಾಗ ಕೈ ತನ್ನ ಪಾಡಿಗೆ ತಾನು ಗೀಟು ಹಾಕುತ್ತ ಹೋಯಿತು. ಜೀನ್ಸಿನವರ ನಲವತ್ತು ಸಾಲು ಹಾಗೇ ಹಾಕಿದ್ದ ಕೈ ಅದು. ಅಂಗಿಯ ಒಳಗಿದ್ದದ್ದರಿಂದ ಸಂಜೆ ಹೊತ್ತು ಕೇಳಲು ಬರುತ್ತಿದ್ದ ಹುಡುಗಿಗೂ ಅದು ಕಾಣಲಿಲ್ಲ.

ಮೇಡಂ ಕೋಣೆಯಲ್ಲಿ ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಮೇಷ್ಟ್ರ ಆ ಹೊಗಳಿಕೆ ನನ್ನ ಬಾಯಿ ಕಟ್ಟಿತು ಎಂದರೆ ಅರ್ಧ ನಿಜ. ಹೇಳಲು ನಾಚಿಕೆಯಾಯಿತು, ಅದು ಪೂರ್ತಿ ನಿಜ. ಕೊನೆಗೆ ಮೇಡಂ, ಕಾರಣ ಸಿಗದಿದ್ದರೆ ರಾರಾವಿಯ ಅಳತೆ ಕೈಬಿಡಬೇಕಾಗುತ್ತದೆ ಎಂದರು. ಹುಡುಗಿ ಪರದೆಯನ್ನೇ ನೋಡುತ್ತಿದ್ದಳು. ನಾನು ಇಷ್ಟು ಮಾತ್ರ ಹೇಳಿದೆ: "ಒಮ್ಮೆ ಅಲ್ಲಿಗೇ ಹೋಗಿ ಅವರನ್ನೇ ಕೇಳಿ ಬರೋಣ ಮೇಡಂ. ಪಟ್ಟಿ ಅವರದು, ಅವರಿಗೆ ಏನರ ತಿಳಿದೀತು."

ಒಂದು ದಿನ ಬಿಟ್ಟು ನಾನೂ ಅವಳೂ ಮೊದಲ ಬಸ್ಸು ಹಿಡಿದೆವು. ತೆಕ್ಕಲಕೋಟೆ ಬರುವುದರೊಳಗೆ ಹೇಳಿಬಿಡಬೇಕೆಂದು ಗಾಂಧಿನಗರದ ನನ್ನ ಮನೆಯಿಂದಲೇ ನಿಶ್ಚಯಿಸಿ ಹೊರಟಿದ್ದೆ. ತೆಕ್ಕಲಕೋಟೆ ಬಂತು, ಹೋಯಿತು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವಾಗ ಹೇಳೋಣವೆಂದುಕೊಂಡೆ. ಅಲ್ಲಿ ಚಹಾ ಕುಡಿಯುತ್ತ ಅವಳು, "ಆಗಲಿಲ್ಲಂದ್ರ ಕುರುಗೋಡಿನ್ಯಾಗ ಕ್ಲಿನಿಕ್ ಮತ್ತ ತೆಗಿತೀನಿ ಅಕ್ಕಾ. ಆದ್ರ ಒಂದು ಮಾತು, ಅವರು ನನಗ ಸುಳ್ಳು ಹೇಳಿದ್ರೇನು ಅನ್ನೋದ ಒಂದು ಕೊರಿತೈತಿ" ಎಂದಳು. ಆಗಲೂ ನಾನು ಚಹಾದ ಲೋಟ ನೋಡುತ್ತ ನಿಂತೆ.

ನಾವು ಹೋದಾಗ ಅವರು ಬದುವಿನ ಮೇಲೆ ಊಟಕ್ಕೆ ಕೂತಿದ್ದರು. ಹುಡುಗಿ ಅಚ್ಚು ಹಾಕಿಸಿ ತಂದಿದ್ದ ಪಟ್ಟಿಗಳನ್ನು ಹರಡಿ, ಯಾವ ಬಣ್ಣಕ್ಕೆ ಏನರ್ಥ ಎಂದು ವಿವರಿಸಿದಳು. ಮೇಸ್ತ್ರಿ ತಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದುಕೊಂಡು ಬಂದು ಬಗ್ಗಿ ನೋಡಿದಳು. ಆಮೇಲೆ ತನ್ನವರ ಕಡೆ ತಿರುಗಿ ತೆಲುಗಿನಲ್ಲಿ ಕೂಗಿದಳು: "ಏಮೇ, ಮನಂ ಪಂಡುಕುನ್ನಾಮಂಟ!" ನಾವು ಮಲಗಿದ್ದೆವಂತೆ ಎಂದು. ಬದುವಿನ ಈ ತುದಿಯಿಂದ ಆ ತುದಿಯವರೆಗೆ ನಗು ಹರಡಿತು. ಒಬ್ಬಳು, ಹಾಗಾದರೆ ತನ್ನ ಗಂಡನಿಗೆ ಇದನ್ನು ತೋರಿಸಲೇಬೇಡಿ ಎಂದಳು.

ಮೇಸ್ತ್ರಿ ನಗು ನಿಲ್ಲಿಸಿ ಹುಡುಗಿಯನ್ನು ನೋಡಿದಳು. "ನಾವು ತೆಗೆದಿಟ್ಟಿದ್ವಿ ಅಂತ ಮಾಡೀರೇನು?"

ಹುಡುಗಿ ತಲೆ ತಗ್ಗಿಸಿದಳು.

"ನಾನು ಒಂದು ಮಾತು ಕೊಟ್ರ ಕೊಟ್ಟಂಗ ಯವ್ವಾ. ಎಲ್ಲಿ, ನನ್ನ ಪಟ್ಟಿ ಯಾವುದು ತೋರಸು."

ಮುಂದಿನ ಅರ್ಧ ಗಂಟೆ ನಾನು ಎಂದೂ ಮರೆಯುವಂಥದ್ದಲ್ಲ. ಓದುಬರಹ ಇಲ್ಲದ ಆ ಹೆಂಗಸು ನಮ್ಮ ಮೇಷ್ಟ್ರಿಗಿಂತ ಚೆನ್ನಾಗಿ ಗ್ರಾಫು ಓದಿದಳು. ಹುಡುಗಿ ಬೆರಳಿಟ್ಟು ಗಂಟೆ ಹೇಳುತ್ತ ಹೋದಳು, ಆಕೆ ಅದಕ್ಕೆ ಕಾರಣ ಹೇಳುತ್ತ ಹೋದಳು. ಹತ್ತೂವರೆಯ ಹಳದಿ ಎಂದರೆ ಚಹಾ. ಒಂದೂವರೆಯ ಹಳದಿ ಎಂದರೆ ಊಟ. ಬುಧವಾರ ಬೆಳಿಗ್ಗೆ ಒಂದು ಗಂಟೆ ಪೂರ್ತಿ ಹಸಿರಾಗಿತ್ತು. "ಅವತ್ತು ಸಸಿ ತರೋ ಟ್ರ್ಯಾಕ್ಟರ್ ತಡಾ ಆತು, ಬದುವಿನ ಮ್ಯಾಲೆ ನಿಂತು ನಿಂತು ಕಾಲು ಸೇದಿದ್ವು" ಎಂದಳು. ಉಳಿದ ಹೆಂಗಸರು ಹೌದು ಹೌದೆಂದರು. ಅವರೆಲ್ಲರ ಪಟ್ಟಿಗಳಲ್ಲೂ ಅದೇ ಹೊತ್ತಿಗೆ ಅದೇ ಹಸಿರಿತ್ತು.

"ಎಲ್ಲಾ ಖರೇನ ಬರಕೊಂಡೈತಿ ನಿಮ್ಮ ಮಿಷಿನ್ನು" ಎಂದಳು ಮೇಸ್ತ್ರಿ. "ನಾವು ಗದ್ಯಾಗ ಇದ್ದಾಗ ಮಾತ್ರ ಮಲಗ್ಯಾರ ಅಂತೈತಿ. ತಡಿ, ಹಿಂದ ಬಾ."

ಆಕೆ ಅಲ್ಲೇ ಬದುವಿನ ಮೇಲೆ, ನಾಟಿಗೆ ನಿಲ್ಲುವಂತೆ ಬಾಗಿ ನಿಂತಳು. ಎಡಮೊಳಕೈಯನ್ನು ಎಡತೊಡೆಗೆ ಊರಿ, ಆ ಕೈಯಲ್ಲಿ ಸಸಿಕಟ್ಟು ಹಿಡಿದಂತೆ, ಬಲಗೈಯಿಂದ ನಾಲ್ಕೈದು ಸಲ ಮಣ್ಣಿಗೆ ಚುಚ್ಚಿದಳು. "ನನ್ನ ಬೆನ್ನ ಮ್ಯಾಲೆ ಕೈ ಇಡು."

ಹುಡುಗಿ ಅಂಗೈ ಇಟ್ಟಳು. ಬೆನ್ನು ಹಲಗೆಯಷ್ಟು ಮಟ್ಟವಾಗಿತ್ತು. ಸಸಿ ಚುಚ್ಚಿದಾಗೊಮ್ಮೆ ಸಣ್ಣಗೆ ಅಲ್ಲಾಡುತ್ತಿತ್ತು. ಪರದೆಯ ಮೇಲೆ ಮೇಷ್ಟ್ರು ತೋರಿಸಿದ ಆ ಅಲೆಗಳು ನನಗೆ ನೆನಪಾದವು.

"ಮಲಗಿದ್ರೂ ಬೆನ್ನು ಹಿಂಗ ಅಡ್ಡ ಇರತೈತಿ, ಬಾಗಿದ್ರೂ ಹಿಂಗ ಇರತೈತಿ. ಪಾಪ, ಅದಕ್ಕೇನು ತಿಳಿಬೇಕು" ಎಂದಳು ಆಕೆ, ಬಾಗಿದ ಹಾಗೆಯೇ.

ಹುಡುಗಿಯ ಮುಖ ಒಮ್ಮೆ ಅರಳಿ, ತಕ್ಷಣ ಮಂಕಾಯಿತು. ಫಿಸಿಯೋಥೆರಪಿ ಓದಿದ ಬುದ್ಧಿ ಅದು. "ಆದ್ರ ಯವ್ವಾ, ಯಂತ್ರ ಸೊಂಟಕ್ಕಿತ್ತಲ್ಲ. ಸೊಂಟ ಇಷ್ಟು ಅಡ್ಡ ಆಗಂಗಿಲ್ಲ. ಸೊಂಟಕ್ಕಿದ್ರ ಹಿಂಗ ಬರಾಕ ಸಾಧ್ಯ ಇಲ್ಲ."

ಮೇಸ್ತ್ರಿ ನೆಟ್ಟಗಾಗಿ ನನ್ನ ಮುಖ ನೋಡಿದಳು. ಆಕೆ ಬಾಯಿ ತೆರೆಯುವ ಮೊದಲು ನಾನೇ ತೆರೆಯಬೇಕಿತ್ತು. ಅಷ್ಟಾದರೂ ಮಾಡಿದೆ.

"ಸೊಂಟಕ್ಕಿರಲಿಲ್ಲ. ಬೆನ್ನಿಗೆ ಇತ್ತು. ನಾನೇ ಕಿಸೆ ಹೊಲಿದು ಹಾಕಿದ್ದೆ. ರಿಜಿಸ್ಟರಿನ್ಯಾಗ ಗೀಟು ಹಾಕಿಬಿಟ್ಟೀನಿ."

"ಮೊನ್ನಿ ಸರ್ ಕೇಳಿದಾಗ ಗೊತ್ತಿತ್ತೇನಕ್ಕಾ?"

"ಗೊತ್ತಿತ್ತು."

ಅವಳು ಬದುವಿನ ತುದಿಯವರೆಗೆ ನಡೆದು ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಹೆಂಗಸರು ಒಬ್ಬೊಬ್ಬರೇ ಎದ್ದು ಗದ್ದೆಗಿಳಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನಗೆ ಅಳು ಬಂತು, ಆದರೆ ಅಳುವ ಹಕ್ಕು ಅಲ್ಲಿ ನನಗಿರಲಿಲ್ಲ.

ಅವಳು ತಿರುಗಿ ಬಂದಾಗ ಕೇಳಿದ್ದು ಬೇರೆಯೇ ಪ್ರಶ್ನೆ. "ಸೊಂಟಕ್ಕ ಒಂದು, ಬೆನ್ನಿಗೆ ಒಂದು, ಎರಡೂ ಕೂಡೇ ಕಟ್ಟಿ ನೋಡಿದ್ರ?" ಆಮೇಲೆ ಮೇಸ್ತ್ರಿಗೆ, "ನಾಟಿ ಇನ್ನೆಷ್ಟು ದಿನ ಐತಿ ಯವ್ವಾ?"

"ನಾಕು ದಿನ. ಗಟ್ಟಿ ಅಂದ್ರ ಐದು."

ಅಲ್ಲಿಂದಲೇ ಮೇಡಂಗೆ ಫೋನು ಮಾಡಿದೆವು. ನಾನೇ ಹೇಳಿದೆ. "ಇವತ್ತ ಏನೂ ಕಟ್ಟಬ್ಯಾಡ್ರಿ" ಎಂದರು ಮೇಡಂ. "ಮೊದಲು ವಾಪಸ್ ಬಂದು ರಿಜಿಸ್ಟರ್ ಸರಿಮಾಡ್ರಿ, ಬರದು ಸಹಿ ಮಾಡ್ರಿ. ತಪ್ಪಿನ ಮ್ಯಾಲೆ ಹೊಸ ಅಳತಿ ಕೂಡಸಬಾರದು."

ಸರಿಮಾಡುವುದೆಂದರೆ ಅಳಿಸುವುದಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಕೆಳಗಿನದು ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಹಿ. ಎಷ್ಟೋ ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳಿದ ನಿಯಮ ಇದು. ಆ ಸಂಜೆ ಹತ್ತು ಹೆಂಗಸರ ಒಂದು ವಾರದ ಎಪ್ಪತ್ತು ಸಾಲುಗಳಲ್ಲಿ ಕೆಂಪು ಶಾಯಿಯಿಂದ ಗೀಟುಗಳನ್ನು ಒಂದೊಂದಾಗಿ ಹೊಡೆದು 'ಬೆನ್ನು' ಎಂದು ಬರೆದೆ. ಮೇಷ್ಟ್ರು ಬಂದು ನೋಡಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ. "ರಿಜಿಸ್ಟರ್ ಮುಚ್ಚಿದಾವ ನಾನು. ಒಂದು ಸಲ ಬಾಯಿಬಿಟ್ಟು ಕೇಳಬೇಕಾಗಿತ್ತು" ಎಂದರು. ಆಮೇಲೆ ಒಂದು ಕಾಗದ ತೆಗೆದು ಮುಂದಿನ ಮೂರು ದಿನಗಳ ವಿಧಾನ ಬರೆದರು. ಮೂವರು ಹೆಂಗಸರಿಗೆ ಎರಡೆರಡು ಯಂತ್ರ. ಹುಡುಗಿ ಬದುವಿನ ಮೇಲೆ ಗಡಿಯಾರ ಹಿಡಿದು ಕೂತು, ನಿಮಿಷಕ್ಕೊಮ್ಮೆ ಪ್ರತಿಯೊಬ್ಬರ ಭಂಗಿಯನ್ನು ಕಣ್ಣಾರೆ ನೋಡಿ ಬರೆಯಬೇಕು. ಅಳತೆ ಮುಗಿಯುವವರೆಗೆ ಯಂತ್ರದ ಬರಹವನ್ನು ಅವಳು ನೋಡಬಾರದು.

"ನಾಲ್ಕನೇದಾಕಿ ನಾನು" ಎಂದೆ. ಮೇಷ್ಟ್ರು ಕಣ್ಣು ಮೇಲೆತ್ತಿದರು. ಗದ್ದೆಯ ರೂಢಿ ಇಲ್ಲದ ಬೆನ್ನೊಂದು ಇದ್ದರೆ ಹೋಲಿಸಲು ಒಳ್ಳೆಯದೇ ಎಂದು ಬರೆದುಕೊಂಡರು.

ಹೀಗೆ ನಾನು ನಿಜವಾಗಿಯೂ ನಾಟಿಗೆ ಹೋದೆ. ಗಂಡನ ಹಳೆಯ ಅಂಗಿ ತೊಟ್ಟು, ಅದರೊಳಗೂ ಒಂದು ಜೇಬು ಹೊಲಿದುಕೊಂಡು ಕೆಸರಿಗಿಳಿದೆ. ನಾಟಿ ಮಾಡುವವರು ಹಿಂದಕ್ಕೆ ಸರಿಯುತ್ತ ಹೋಗುತ್ತಾರೆ, ನೆಟ್ಟದ್ದು ಕಣ್ಣ ಮುಂದೆ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ಅವರೆಲ್ಲ ಹಿಂದೆ ಹೋಗಿ ನಾನೊಬ್ಬಳೇ ಗದ್ದೆಯ ನಡುವೆ ಉಳಿದೆ. "ಮೇಡಮ್ಮೋರೆ, ನಿಮ್ಮ ಸಾಲು ನೋಡಿದ್ರ ಹಾವು ಹೋದಂಗೈತಿ" ಎಂದು ಮೇಸ್ತ್ರಿ ಕೂಗಿದಳು. ಎರಡು ಸಸಿಗೊಮ್ಮೆ ನೆಟ್ಟಗಾಗದೆ ನನ್ನಿಂದ ಆಗುತ್ತಿರಲಿಲ್ಲ. ಅವರು ಯಾಕೆ ನೆಟ್ಟಗಾಗುವುದಿಲ್ಲ ಎಂಬುದು ಆಗ ತಿಳಿಯಿತು. ಪ್ರತಿ ಸಲ ಎದ್ದು ಬಾಗುವುದೇ ಹೆಚ್ಚು ನೋವು, ಬಾಗಿಯೇ ಇರುವುದು ಅದಕ್ಕಿಂತ ವಾಸಿ. ಮೊಳಕೈ ತೊಡೆಗೆ ಊರುವುದನ್ನು ಆಕೆ ಹೇಳಿಕೊಟ್ಟ ಮೇಲೆ ಸ್ವಲ್ಪ ತಡೆದುಕೊಂಡೆ. ಬದುವಿನ ಮೇಲೆ ಹುಡುಗಿ ಗಡಿಯಾರ ನೋಡಿ ಗೆರೆ ಹಾಕುತ್ತಲೇ ಇದ್ದಳು. ಎರಡನೇ ದಿನ ಮಧ್ಯಾಹ್ನ ಅವಳು ನನ್ನ ಬೆನ್ನಿಗೆ ಮುಲಾಮು ತಿಕ್ಕಿದಳು. ಅಂದಿನಿಂದ ಮತ್ತೆ ಮೊದಲಿನಂತೆ ಮಾತಾಡಿದಳು.

ನಾಲ್ಕನೇ ದಿನ ಮೇಷ್ಟ್ರು ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟರು. ಬೆನ್ನಿನ ಯಂತ್ರ 'ಮಲಗಿದ್ದಾರೆ' ಎಂದ ನಿಮಿಷಗಳಲ್ಲೆಲ್ಲ ಹುಡುಗಿಯ ಕಾಗದದಲ್ಲಿ 'ಬಾಗಿದ್ದಾರೆ' ಎಂದಿತ್ತು. ಮೂಲ ಅಂಕಿಗಳನ್ನು ತೆಗೆದು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಆಕಾಶ ನೋಡಿ ಮಲಗಿದರೆ ಅಂಕಿ ಒಂದು ಕಡೆ ಹೋಗುತ್ತದೆ, ನೆಲ ನೋಡಿ ಬಾಗಿದರೆ ಅದಕ್ಕೆ ವಿರುದ್ಧ ದಿಕ್ಕಿಗೆ. ಯಂತ್ರಕ್ಕೆ ವ್ಯತ್ಯಾಸ ಗೊತ್ತಿತ್ತು. ಸಾಫ್ಟ್‌ವೇರು ಬರೆದವರಿಗೆ, ಗಂಟೆಗಟ್ಟಲೆ ನೆಲ ನೋಡುತ್ತ ಬಾಗಿರುವ ಮನುಷ್ಯರೂ ಇರುತ್ತಾರೆಂದು ಹೊಳೆದಿರಲಿಲ್ಲ, ಅಷ್ಟೇ. ಸೊಂಟದ ಯಂತ್ರವೋ ಅರ್ಧ ಹಳದಿ ಅರ್ಧ ಹಸಿರು ತೋರಿಸುತ್ತಿತ್ತು. ನಾನು ನಿಯಮದಂತೆ ಸೊಂಟಕ್ಕೇ ಕಟ್ಟಿದ್ದರೆ ಅವರು ಕೂತು ನಿಂತು ದಿನ ಕಳೆದರೆಂದು ಬರುತ್ತಿತ್ತು. ಅದು ನೋಡಲು ಸಹಜವಾಗಿದ್ದು, ನಾವು ಯಾರೂ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಇದನ್ನು ಮೇಷ್ಟ್ರು ಬಾಯಿಬಿಟ್ಟು ಹೇಳಿದಾಗ ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳು. "ಹಂಗಂತ ಗೀಟು ಸರಿ ಆಗಂಗಿಲ್ಲ" ಎಂದು ಮೇಡಂ ಕೂಡಲೇ ಸೇರಿಸಿದರು. ಅದೂ ಸರಿಯೇ.

ಸಮಿತಿಯ ದಿನ ನಾನು ಪ್ರೊಜೆಕ್ಟರಿನ ಪಕ್ಕ ನಿಂತಿದ್ದೆ. ಹುಡುಗಿ ಮೊದಲು ನೀಲಿ ಪಟ್ಟಿ ತೋರಿಸಿದಳು, ಆಮೇಲೆ ಕೆಂಪು ಗೆರೆಗಳ ರಿಜಿಸ್ಟರು ಪುಟ, ಆಮೇಲೆ ಬದುವಿನ ಮೇಲೆ ಬರೆದ ಕಾಗದ. ಹೊರಗಿನಿಂದ ಬಂದಿದ್ದ ತಜ್ಞರು ಕನ್ನಡಕ ತೆಗೆದು ಕೇಳಿದರು, "ಈ ಬದಲಾವಣೆ ಆ ದಿನವೇ ಯಾಕೆ ದಾಖಲಾಗಲಿಲ್ಲ?"

"ಕ್ಷೇತ್ರದಲ್ಲಿ ನಮ್ಮ ತಂಡದಿಂದ ಆದ ಲೋಪ ಸರ್" ಎಂದಳು ಹುಡುಗಿ.

ಅವಳ ತಂಡದಲ್ಲಿ ಆ ದಿನ ಇದ್ದವಳು ನಾನೊಬ್ಬಳೇ. ಅಲ್ಲಿ ಮಾತಾಡುವುದು ನನ್ನ ಕೆಲಸವಲ್ಲ, ಆದರೂ ಮುಂದೆ ಬಂದು ಹೇಳಿದೆ. ಜೇಬು ಹೊಲಿದದ್ದು, ಗೀಟು ಹಾಕಿದ್ದು, ಕೇಳಿದಾಗ ಸುಮ್ಮನಿದ್ದದ್ದು, ಮೂರನ್ನೂ. ತಜ್ಞರು ಬರೆದುಕೊಂಡರು. ಜೇಬು ಎಂಥ ಬಟ್ಟೆಯದು ಎಂದು ಮಾತ್ರ ಇನ್ನೊಂದು ಪ್ರಶ್ನೆ ಕೇಳಿದರು.

ರಾರಾವಿಯ ಅಳತೆ ಉಳಿಯಿತು. ಆದರೆ ಬೆನ್ನಿನದನ್ನು ಸೊಂಟದ್ದಕ್ಕೆ ಹೋಲಿಸುವಂತಿಲ್ಲವಾದ್ದರಿಂದ, ಜೀನ್ಸ್ ಹೊಲಿಯುವವರನ್ನು ಬೆನ್ನಿನ ಜೇಬಿನಲ್ಲಿಟ್ಟು ಮತ್ತೆ ಅಳೆಯಬೇಕೆಂದು ತೀರ್ಮಾನವಾಯಿತು. ಅದು ಊರೊಳಗಿನ ಕೆಲಸ, ನಾಟಿಗೆ ಕಾಯಬೇಕಿಲ್ಲ. ಅವಧಿಯೊಳಗೆ ಮುಗಿಯುತ್ತದೆ. ನನಗೊಂದು ಲಿಖಿತ ಎಚ್ಚರಿಕೆ ಬಂತು, ಅದನ್ನು ನನ್ನ ಕಡತಕ್ಕೆ ನಾನೇ ಸೇರಿಸಿದೆ. ಹೊರಗೆ ಬಂದ ಹುಡುಗಿ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡು ಜೋರಾಗಿ ಅತ್ತಳು.

ಹೊಸ ಪಟ್ಟಿಯನ್ನು ತೋರಿಸುತ್ತೇವೆಂದು ಮೇಸ್ತ್ರಿಗೆ ಮಾತು ಕೊಟ್ಟಿದ್ದೆವು. ಎರಡು ವಾರ ಬಿಟ್ಟು ಹೋದಾಗ ಗದ್ದೆಗಳೆಲ್ಲ ಹಸಿರಾಗಿದ್ದವು, ಆಕೆ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಬಾಗಿದ್ದಕ್ಕೆಂದು ಹುಡುಗಿ ಬೇರೆ ಬಣ್ಣ ಕೊಟ್ಟಿದ್ದಳು, ಕೆಸರಿನ ಕಂದು. ಆಕೆ ಮೊರ ಕೆಳಗಿಟ್ಟು ಪಟ್ಟಿಯ ಮೇಲೆ ಬೆರಳಾಡಿಸಿದಳು. ಬೆಳಗಿನಿಂದ ಐದರವರೆಗಿನ ಕಂದು ನೋಡಿ ತಲೆಯಾಡಿಸಿದಳು, "ಹೂಂ, ಈಗ ಸುಳ್ಳು ಹೋತು." ಬೆರಳು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಸರಿದು, ಇನ್ನೊಂದು ಕಂದು ತುಂಡಿನ ಮೇಲೆ ನಿಂತಿತು.

"ಇದು ಯಾವ ಹೊತ್ತು?"

"ಸಂಜಿ ಆರೂವರೆಯಿಂದ" ಎಂದಳು ಹುಡುಗಿ. "ಇದು ಏಳೂವರೆ. ಇದು ಮುಂಜಾನೆ ಐದೂವರೆ, ಗದ್ದಿಗೆ ಹೋಗೋಕಿಂತ ಮೊದಲು."

"ಕಸಾ ಹೊಡಿಯೋದು, ಮುಸುರಿ ತಿಕ್ಕೋದು, ನೀರಿನ ಕೊಡ ಎತ್ತೋದು" ಎಂದು ಆಕೆ ಒಂದೊಂದು ತುಂಡಿಗೆ ಒಂದೊಂದು ಹೆಸರು ಹೇಳಿದಳು. ಆಮೇಲೆ ಬೆರಳನ್ನು ಪಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ಎಳೆದಳು. "ಹಂಗಾದ್ರ ಮನ್ಯಾಗೂ ನಾನು ನೆಟ್ಟಗ ನಿಂತೇ ಇಲ್ಲ."

ಸಂಜೆಯ ಬಗ್ಗೆ ನಮ್ಮ ಸಂಶೋಧನೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಅಷ್ಟೊತ್ತು ನಾವು ನೋಡಿದ್ದು ಗದ್ದೆಯ ಬಣ್ಣವನ್ನು ಮಾತ್ರ. ಹುಡುಗಿ ನನ್ನ ಮುಖ ನೋಡಿದಳು, ಚೀಲದಿಂದ ನೋಟ್‌ಬುಕ್ ತೆಗೆದು ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯತೊಡಗಿದಳು. ನಾಟಿಗೆ ಹೋದ ಮೂರು ದಿನದ ನನ್ನ ಪಟ್ಟಿಯೂ ಆ ಕಾಗದಗಳಲ್ಲಿತ್ತು. ಮೇಸ್ತ್ರಿ ಅದನ್ನು ತನ್ನದರ ಪಕ್ಕಕ್ಕೆ ಎಳೆದುಕೊಂಡಳು. ಸಂಜೆ ಆರರಿಂದ ನನ್ನದು ಪೂರ್ತಿ ಹಳದಿಯಾಗಿತ್ತು, ಬಸ್ಸಿನ ಸೀಟು ಮತ್ತು ಮನೆಯ ಕುರ್ಚಿ. ಬೆನ್ನು ಬಿದ್ದುಹೋಗಿದೆ ಎಂದು ಆ ಮೂರು ದಿನ ಅಡುಗೆ ನನ್ನ ಗಂಡ ಮಾಡಿದ್ದರು. ಅದನ್ನು ಆಕೆಗೆ ಹೇಳಿದೆ.

ಆಕೆ ಪಟ್ಟಿಗಳನ್ನು ಮಡಚಿ ಹುಡುಗಿಯ ಕೈಗೆ ಕೊಟ್ಟು, ಒಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಇನ್ನೊಂದು ನಾಟಿಗೆ ಬರ್ತೀರಲ್ಲ, ಆವಾಗ ನಮ್ಮನಿ ಗಂಡಸರ ಅಂಗಿಗೂ ಒಂದೊಂದು ಕಿಸೆ ಹೊಲೀರಿ ಮೇಡಮ್ಮೋರೆ. ನೀಲಿ ಬಣ್ಣ ಖರೇನ ಯಾರದು ಅಂತ ನೋಡೂನು."